ಅಕ್ಕನ ಕಾದಂಬರಿಯಲ್ಲಿ ಬಂದ ಏಜೆಂಟರು

ಏಜೆಂಟರು ಅಂಗಡಿಯ ಮೆಟ್ಟಿಲು ಹತ್ತುವುದು ಕಂಡದ್ದೇ ತಡ, ಅವಳು ಮೇಜಿನ ಮೇಲಿದ್ದ ಕಾದಂಬರಿಯ ರಾಶಿಯನ್ನು ತಬ್ಬಿ ಎತ್ತಿ ಕೌಂಟರಿನ ಕೆಳಗೆ ಇಟ್ಟಳು. ಕೆಲವು ಸೋಮವಾರಗಳಿಂದ ಹೀಗೇ ನಡೆದಿದೆ.

ಈ ಪುಸ್ತಕದಂಗಡಿಯಲ್ಲಿ ಅವಳು ಮದುವೆಗೆ ಮುಂಚಿನಿಂದ ಕೆಲಸಕ್ಕಿದ್ದಾಳೆ. ಕಾದಂಬರಿ ಅವಳ ಅಕ್ಕನದು. ಪ್ರಕಾಶಕರು, ಸಂಪಾದಕರು, ಪ್ರಶಸ್ತಿ ಸಮಿತಿಯವರು, ಯಾರನ್ನೂ ಬಿಡದೆ ಗೇಲಿ ಮಾಡುವ ಪುಸ್ತಕ. ಬಿಸಿ ದೋಸೆಯಂತೆ ಖರ್ಚಾಗುತ್ತಿದೆ ಎಂದು ಅಂಗಡಿ ಯಜಮಾನರಿಗೆ ಖುಷಿ. ಆದರೆ ಕೊಂಡವರು ಮತ್ತೆ ಬಂದಾಗ, "ಕೊನೆಕೊನೆಗೆ ಸಪ್ಪೆ ಕಣ್ರೀ" ಅನ್ನುತ್ತಾರೆ. ಅವಳಿಗೂ ಹಾಗೇ ಅನ್ನಿಸಿತ್ತು. ಅಕ್ಕನಿಗೆ ಹೇಳಿರಲಿಲ್ಲ.

ಒಂದು ಪ್ರಕಾಶನದ ಪರವಾಗಿ ಪುಸ್ತಕದ ಆರ್ಡರ್ ಹಿಡಿಯಲು ಬರುವ ಈ ಏಜೆಂಟರು ಮೊದಲು ಚೀಲದಿಂದ ಹಳೆ ಟವೆಲಿನ ತುಂಡು ತೆಗೆದು ಕಪಾಟು ಒರೆಸುತ್ತಾರೆ. ತಮ್ಮ ಪ್ರಕಾಶನದ್ದಷ್ಟೇ ಅಲ್ಲ, ಎಲ್ಲರ ಪುಸ್ತಕಗಳನ್ನೂ. ಅದನ್ನು ಮೆಚ್ಚಿಕೊಂಡೇ ಅವಳು ಅಕ್ಕನಿಗೆ ಹೇಳಿದ್ದಳು. ಕಾದಂಬರಿಯಲ್ಲಿ ಅದೇ ಟವೆಲ್, ಒರೆಸುವ ನೆಪದಲ್ಲಿ ಬೇರೆಯವರ ಪುಸ್ತಕ ಹಿಂದಕ್ಕೆ ತಳ್ಳುವ ಕಳ್ಳ ಏಜೆಂಟನ ಕೈಯಲ್ಲಿದೆ. ಇವರು ಓದಿ ನೊಂದುಕೊಂಡರೆ?

"ಬಚ್ಚಿಡಬೇಡಮ್ಮಾ, ಓದಿದೆ" ಅಂದರು ಏಜೆಂಟರು. "ಪಕ್ಕದ ಮನೆಯವರ ಹತ್ರ ಇಸ್ಕೊಂಡೆ. ಊರೆಲ್ಲ ಹಿಡ್ಕೊಂಡು ಓಡಾಡ್ತಿದೆ, ನೀನು ನೋಡಿದ್ರೆ ಸ್ಟಾಕ್ ಮುಗೀತು ಅಂತೀಯ."

"ಹೇಗಿತ್ತು ಅಣ್ಣಾ?"

"ನಮ್ಮ ಪ್ರಕಾಶನದ ಯಜಮಾನರನ್ನ ಚೆನ್ನಾಗಿ ಹಿಡಿದಿದಾಳೆ ನಿಮ್ಮಕ್ಕ. ತಾವೇ ಅಚ್ಚು ಹಾಕಿಸಿದ ಪುಸ್ತಕ ಓದದೇನೇ ಭಾಷಣ ಬಿಗಿಯೋದು! ನಕ್ಕಿದ್ದೇ ನಕ್ಕಿದ್ದು."

"ಆ ಏಜೆಂಟ್..."

"ಟವೆಲ್ ನೋಡ್ತಿದ್ದಂಗೆ ಗೊತ್ತಾಯ್ತು. ನನ್ನ ಹೆಂಡ್ತಿಗೆ ಸಿಟ್ಟು. ಹೊಸದು ಕೊಡ್ತೀನಿ ಅಂದ್ರೂ ಈ ಹರಕನ್ನೇ ಒಯ್ದಿರಿ, ಈಗ ಊರಿಗೆಲ್ಲ ಗೊತ್ತಾಯ್ತು ಅಂತ." ನಕ್ಕರು. ಆಮೇಲೆ ಮೆಲ್ಲಗೆ, "ಆದ್ರೆ ಪಾಪ, ಅವನು ಇಡೀ ಪುಸ್ತಕದಲ್ಲಿ ಒಂದು ಸಲನೂ ಮನೆಗೇ ಹೋಗಲ್ಲ ಕಣಮ್ಮಾ. ಹೆಂಡ್ತಿ ಮಕ್ಕಳು ಇದಾರೋ, ಉಂಡನೋ ಇಲ್ವೋ, ಏನೂ ಇಲ್ಲ."

ರಾಶಿಯನ್ನು ತಾವೇ ಮೇಲೆತ್ತಿ, ಒಂದೊಂದನ್ನೂ ಒರೆಸಿ ಮೇಜಿಗಿಟ್ಟರು.

ಸಂಜೆ ಅವಳು ಅಕ್ಕನಿಗೆ ಫೋನ್ ಮಾಡಿ ಆ ಮಾತನ್ನೂ, ಕೊನೆಗೆ ಸಪ್ಪೆ ಎಂಬ ಗಿರಾಕಿಗಳ ಮಾತನ್ನೂ ಹಾಗೇ ಒಪ್ಪಿಸಿದಳು.

"ನಿಂಗೂ ಸಪ್ಪೆ ಅನ್ನಿಸ್ತೇನೇ?"

"ಹೂಂ ಅಕ್ಕಾ."

"ಆ ಏಜೆಂಟರಿಗೆ ಮಕ್ಕಳೆಷ್ಟು?"

"ನಂಗೂ ಗೊತ್ತಿಲ್ಲ. ಕೇಳೇ ಇಲ್ಲ."

ಬರುವ ಸೋಮವಾರ ಏಜೆಂಟರು ಬರುವ ಹೊತ್ತಿಗೆ, ಅವರನ್ನೇ ಕೇಳಲು ಅಕ್ಕನೂ ಅಂಗಡಿಗೆ ಬರುತ್ತಾಳೆ.