ಪರಸಪ್ಪನ ಕೆಮ್ಮು ವಿಮಾನ ಹತ್ತಿದ್ದು

ದಾಂಡೇಲಿಯ ನಮ್ಮ ಓಣಿಯಲ್ಲಿ ಗಂಡಸರು ಮನೆಯೊಳಗೆ ಕಾಲಿಡುವ ಮುಂಚೆ ಹೊಸ್ತಿಲ ಹೊರಗೆ ನಿಂತು ಒಮ್ಮೆ ಕೆಮ್ಮುವುದು ರೂಢಿ. ಒಳಗಿನ ಹೆಂಗಸರು ಸೆರಗು ಸರಿಮಾಡಿಕೊಳ್ಳಲಿ, ಬೇಕಿದ್ದರೆ ಮಾತೂ ಬದಲಿಸಿಕೊಳ್ಳಲಿ ಎಂದು. ಕೆಮ್ಮದೆ ನುಗ್ಗುವವನು ಒಂದೋ ಕಳ್ಳ, ಇಲ್ಲವೇ ಅಳಿಯ. ಓಣಿಯ ಬಾಯಲ್ಲೇ ನನ್ನ ಕಿರಾಣಿ ಅಂಗಡಿ ಇರುವುದರಿಂದ ಯಾವ ಕೆಮ್ಮು ಯಾರದೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಎದುರು ಮನೆಯ ಪರಸಪ್ಪನದು ಎಲ್ಲರದಕ್ಕಿಂತ ಬೇರೆ. ಎರಡು ಸಣ್ಣವು, ಸ್ವಲ್ಪ ತಡೆದು ಒಂದು ಉದ್ದದ್ದು, ಕೊನೆಗೆ ಗಂಟಲು ಕೆರೆದ ಸದ್ದು. ಆ ಗಂಟಲಿಗೆ ಬೇಕಾದ ಬೀಡಿಯನ್ನೆಲ್ಲ ನಾನೇ ಮಾರಿದ್ದೆ.

ಪರಸಪ್ಪ ಧಾರವಾಡದ ಕಡೆಯವನು. ಕಾಗದದ ಮಿಲ್ಲಿಗೆ ಬರುವ ಲಾರಿಗಳಿಂದ ಬಿದಿರು ಇಳಿಸುತ್ತಿದ್ದ. ಮನೆಯಲ್ಲಿ ತಾಯಿ ಮುದಕವ್ವ, ಹೆಂಡತಿ ಮಾಲವ್ವ, ಮತ್ತು ಒಂದು ಕಾಡುಮೈನಾ. ಕ್ಯಾಸಲ್‌ರಾಕ್ ಕಡೆಯ ಅಡವಿಯಲ್ಲಿ ಮರದ ಪೊಟರೆಯಿಂದ ರೆಕ್ಕೆ ಬಲಿಯುವ ಮುಂಚೆ ತಂದ ಹಕ್ಕಿ ಅದು. ಮಾತು ಕಲಿಸಬೇಕೆಂದು ಅವನು ಬಹಳ ಒದ್ದಾಡಿದ. ಹಕ್ಕಿ ಮಹಾ ಅಂಜುಬುರುಕ. ಬಾಯಿ ಬಿಡಲೇ ಇಲ್ಲ. ಸಾವಿರದ ಒಂಬೈನೂರ ಅರವತ್ತರ ಮಳೆಗಾಲದಲ್ಲಿ ಜ್ವರ ಬಂದು ಪರಸಪ್ಪ ತೀರಿಕೊಂಡ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಪಾಳಿ ಬಿಡುವ ಹೊತ್ತಿಗೆ ಮಿಲ್ಲಿನ ಭೋಂಗಾ ಕೂಗಿತು. ನಾನು ಬೆಲ್ಲ ತೂಗುತ್ತಿದ್ದೆ. ಎದುರು ಮನೆಯಿಂದ ಕೆಮ್ಮು ಕೇಳಿಸಿತು. ಎರಡು ಸಣ್ಣವು, ಒಂದು ಉದ್ದದ್ದು, ಗಂಟಲು ಕೆರೆದದ್ದು. ತಕ್ಕಡಿ ಹಿಡಿದ ಕೈ ಹಾಗೇ ನಿಂತಿತು. ಗಿರಾಕಿಗೆ ಬೆಲ್ಲ ಹೆಚ್ಚು ಹೋಯಿತು. ನನ್ನ ವ್ಯಾಪಾರದಲ್ಲಿ ಅದೇ ಮೊದಲು, ಅದೇ ಕೊನೆ.

ಹೋಗಿ ನೋಡಿದರೆ ಮೈನಾ ಪಂಜರದ ಮೂಲೆಗೆ ಮುದುಡಿ ನಡುಗುತ್ತಿತ್ತು. ಭೋಂಗಾಕ್ಕೆ ಹೆದರಿ ಇಷ್ಟು ದಿನ ಒಳಗಿಟ್ಟುಕೊಂಡದ್ದನ್ನು ಹೊರಗೆ ಹಾಕಿತ್ತು. ಕಣ್ಣು ಸರಿಯಾಗಿ ಕಾಣದ ಮುದಕವ್ವ ಬಾಗಿಲ ಕಡೆ ಮುಖ ಮಾಡಿ, "ಬಂದ್ಯಾ? ಕಾಲ ತೊಳಕೊಂಡ ಬಾ" ಎನ್ನುತ್ತಿದ್ದಳು. ಮಾಲವ್ವ ಹಣೆಯ ತನಕ ಸೆರಗು ಎಳೆದುಕೊಂಡು ಒಲೆಯ ಮುಂದೆ ಕಲ್ಲಾಗಿದ್ದಳು.

ಅಂದಿನಿಂದ ದಿನವೂ ಅದೇ. ಭೋಂಗಾ, ಕೆಮ್ಮು, ಮುದಕಿಯ ಕರೆ, ಸೊಸೆಯ ಸೆರಗು. ಹೊಸ್ತಿಲ ಬಳಿ ಕಾಲು ತೊಳೆಯಲು ತುಂಬಿದ ಚರಿಗೆ.

"ಮಾಲವ್ವಾ, ಅದು ಹಕ್ಕಿ. ಹಕ್ಕಿಗ್ಯಾಕ ಸೆರಗ ಹೊದಿತಿ?" ಎಂದು ಒಮ್ಮೆ ಚೇಷ್ಟೆ ಮಾಡಿದೆ.

"ಹಕ್ಕಿ ಅಂತ ನನಗ ಗೊತ್ತೈತ್ರಿ ಸಾವಕಾರ್ರ. ನನ್ನ ಕೈಗೆ ಗೊತ್ತಿಲ್ಲ" ಎಂದಳು.

ಹೊಟ್ಟೆಪಾಡಿಗೆ ಅವಳು ಮಿಲ್ಲಿಗೆ ಯಂತ್ರ ಕೂಡಿಸಲು ಬಂದ ಸ್ವೀಡನ್ ದೇಶದ ಎಂಜಿನಿಯರ ಸಾಹೇಬರ ಬಂಗಲೆಗೆ ಸೇರಿದಳು. ಅವರ ಮಗಳು ಇಂಗ್ರಿಡ್ ಎಂಬ ಮೂರು ವರ್ಷದ ಕೂಸು. ಓಣಿಯವರಿಗೆ ಆ ಹೆಸರು ಹೊರಳದೆ ಇಂಗು ಎಂದರು. ನನ್ನ ಅಂಗಡಿಯ ಮಾಲಿನ ಹೆಸರಿಟ್ಟರೂ ನಾನೇನೂ ತಕರಾರು ಮಾಡಲಿಲ್ಲ. ಇಂಗು ಮಾಲವ್ವನ ಕೈತುತ್ತಿಲ್ಲದೆ ಬಾಯಿ ತೆರೆಯುತ್ತಿರಲಿಲ್ಲ. ಹೀಗಾಗಿ ಅರವತ್ತೆರಡರಲ್ಲಿ ಸಾಹೇಬರು ತಮ್ಮ ದೇಶಕ್ಕೆ ಹೊರಟಾಗ ಅವರ ಹೆಂಡತಿ ಬಾಯಿಸಾಹೇಬರು ಮಾಲವ್ವನನ್ನೂ ಬಾ ಎಂದರು. ಪಗಾರದ ಪಾಲು ತಿಂಗಳು ತಿಂಗಳು ಅತ್ತೆಗೆ ಮುಟ್ಟುವಂತೆ ಗೊತ್ತು ಮಾಡಿದರು.

ಮಾಲವ್ವ ಒಪ್ಪಿದಳು. ಇಪ್ಪತ್ತಾರರ ಹೆಣ್ಣು, ದಿನವೂ ಸಂಜೆ ಸತ್ತ ಗಂಡನಿಗೆ ಸೆರಗು ಹೊದ್ದು ಸಾಕಾಗಿರಬೇಕು. "ಹಕ್ಕಿ ನಿಮ್ಮ ಹತ್ರ ಇರ್ಲಿ ಅತ್ತೀ. ನಿಮ್ಮ ಮಗನ ದನಿ ನಿಮಗ" ಎಂದಳು.

ಆದರೆ ಹಕ್ಕಿ ಒಪ್ಪಬೇಕಲ್ಲ. ಪ್ರಯಾಣದ ತಯಾರಿಗೆಂದು ಅವಳು ಎಂಟು ದಿನ ಬಂಗಲೆಯಲ್ಲೇ ಉಳಿದಳು. ಇಲ್ಲಿ ಮೈನಾ ಕಾಳು ಮುಟ್ಟಲಿಲ್ಲ, ಕೆಮ್ಮಲಿಲ್ಲ. ತನ್ನ ಎದೆಯ ಪುಕ್ಕವನ್ನು ತಾನೇ ಕಿತ್ತುಕೊಳ್ಳತೊಡಗಿತು. ಮುದಕವ್ವ ಪಂಜರದೊಳಗೆ ಕೈಹಾಕಿ ಆ ಬೋಳು ಎದೆಯನ್ನು ಸವರಿ ನೋಡಿದಳು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಸೊಸೆಯನ್ನು ಕರೆಸಿದಳು.

"ಇದನ್ನೂ ಕರಕೊಂಡ ಹೋಗು."

"ನಿಮಗ ಏನ ಉಳಿತೈತ್ರಿ ಅತ್ತೀ?"

"ನನ್ನ ಮಗ ಒಮ್ಮಿ ಸತ್ತಾನ. ಇನ್ನೊಮ್ಮಿ ನನ್ನ ಕೈಯಾಗ ಸಾಯೂದು ಬ್ಯಾಡ."

ವಿಮಾನಕ್ಕೆ ತಕ್ಕ ಪೆಟ್ಟಿಗೆ ಬೇಕಾಯಿತು. ನನ್ನ ಅಂಗಡಿಯ ಖಾಲಿ ಚಹಾಪುಡಿ ಪೆಟ್ಟಿಗೆಗೆ ತೂತು ಕೊರೆದು ಕೊಟ್ಟೆ. ಅಸ್ಸಾಮಿನಿಂದ ಬಂದ ಪೆಟ್ಟಿಗೆ ಸ್ವೀಡನ್ ನೋಡಿತು. ನಾನಿನ್ನೂ ಹುಬ್ಬಳ್ಳಿ ದಾಟಿಲ್ಲ. ಮೇಲೆ ಹೊದಿಸಲು ಮುದಕವ್ವ ಮಗನ ಹಳೆಯ ರುಮಾಲು ಕೊಟ್ಟಳು. ಯಂತ್ರದ ಸದ್ದು ರೂಢಿಯಾಗಲಿ ಎಂದು ಬಾಯಿಸಾಹೇಬರು ದಿನವೂ ಹಕ್ಕಿಯನ್ನು ಜೀಪಿನಲ್ಲಿ ಹಳಿಯಾಳದ ರಸ್ತೆಗುಂಟ ತಿರುಗಾಡಿಸಲು ಹೇಳಿದರು. ಜೀಪು ನಡೆಸುವ ಲಗಮಪ್ಪ ನಮ್ಮ ಓಣಿಯವನೇ, ಪರಸಪ್ಪನ ಗೆಳೆಯ. ಎರಡನೆಯ ದಿನ ಬಿದಿರುಮೆಳೆಯ ತಿರುವಿನಲ್ಲಿ, ಬೆನ್ನ ಹಿಂದಿನ ಸೀಟಿನಿಂದ, ಗೆಳೆಯನ ರುಮಾಲಿನೊಳಗಿಂದ ಗೆಳೆಯ ಕೆಮ್ಮಿದ. ಲಗಮಪ್ಪ ಜೀಪು ನಿಲ್ಲಿಸಿ ಇಳಿದವನು ಹತ್ತಲೇ ಇಲ್ಲ.

"ಹಕ್ಕಿ ಅಲ್ಲೇನೋ ಅದು!" ಎಂದೆ ನಾನು, ಮರುದಿನ.

"ನೀವ ಕುಂಡ್ರ್ರಿ ಸಾವಕಾರ್ರ ಅದರ ಮುಂದ, ಬೆನ್ನ ಮಾಡಿ. ಆಮ್ಯಾಲ ಮಾತಾಡೂಣು."

ನಾನು ಕೂಡಲಿಲ್ಲ. ಅಂಗಡಿ ಬಿಟ್ಟು ಹೋಗುವುದು ಹೇಗೆ?

ಹೊರಡುವ ದಿನ ಮುದಕವ್ವ ಪೆಟ್ಟಿಗೆಗೆ ಕಿವಿಯಿಟ್ಟು ಕೂತಳು. ಹೋಗುವ ಮುಂಚೆ ಒಮ್ಮೆ ಕೇಳಬೇಕೆಂಬ ಆಸೆ. ಅಂದು ಹಕ್ಕಿ ಬಾಯಿ ಬಿಡಲಿಲ್ಲ. ಭೋಂಗಾ ಕೂಗಿತು, ಆಗಲೂ ಇಲ್ಲ. ಅವರು ಲೋಂಡಾಕ್ಕೆ ಹೋಗಿ ಮುಂಬಯಿ ರೈಲು ಹತ್ತಿದರು.

ಆಮೇಲೆ ಮೂರು ವರ್ಷ ಎದುರು ಮನೆ ಸದ್ದಿಲ್ಲದೆ ಇತ್ತು. ಹೊಸ್ತಿಲ ಚರಿಗೆ ಮಾತ್ರ ತಪ್ಪಲಿಲ್ಲ. ಭೋಂಗಾ ಆದ ಕೂಡಲೇ ಮುದಕಿ ಕಿವಿಯನ್ನು ಬೀದಿಗೆ ತಿರುಗಿಸುತ್ತಿದ್ದಳು. ಕರುಣೆ ಬಂದು ಲಗಮಪ್ಪ ಒಂದು ಸಂಜೆ ಬಾಗಿಲಲ್ಲಿ ನಿಂತು ಗೆಳೆಯನ ಹಾಗೆಯೇ ಕೆಮ್ಮಿದ. ನಾನಂತೂ ಗಲ್ಲಾ ಬಿಟ್ಟು ಎದ್ದೆ.

ಮುದಕವ್ವ ತಲೆ ಎತ್ತದೆ, "ಮನೀಗೆ ಹೋಗೋ ಲಗಮಪ್ಪಾ. ನಿನ್ನ ಎದಿ ಗಟ್ಟಿ ಐತಿ, ಈ ಕೆಮ್ಮು ನಿಂದಲ್ಲ" ಎಂದಳು.

ಅರವತ್ತೈದರಲ್ಲಿ ಮಿಲ್ಲಿಗೆ ಇನ್ನೊಂದು ಯಂತ್ರ ಬಂತು. ಅದರ ಹಿಂದೆ ಸಾಹೇಬರೂ ಸಂಸಾರ ಸಮೇತ ಬಂದರು. ಮಾಲವ್ವ ಇಂಗುವಿನ ಕೈ ಹಿಡಿದು ಓಣಿಗೆ ನಡೆದು ಬಂದಳು. ಸೀರೆಯ ಮೇಲೆ ಉಣ್ಣೆಯ ಕೋಟು, ಕೈಯಲ್ಲಿ ನನ್ನ ಚಹಾ ಪೆಟ್ಟಿಗೆ. ಪೆಟ್ಟಿಗೆ ಖಾಲಿ.

"ಹಕ್ಕಿ ಎಲ್ಲೈತಿ?" ಎಂದೆ.

ಅತ್ತೆಗೆ ಹೇಗೆ ಹೇಳಲಿ ಎಂದು ಅವಳು ಅಂಗಡಿಯ ಮುಂದೆಯೇ ನಿಂತುಬಿಟ್ಟಳು. ವಿಮಾನದಲ್ಲಿ ಪೆಟ್ಟಿಗೆ ತೊಡೆಯ ಮೇಲೆಯೇ ಇತ್ತಂತೆ. ಯಂತ್ರದ ಅಬ್ಬರಕ್ಕೆ ಹಕ್ಕಿಯ ಎದೆ ಅವಳ ಬೆರಳಿಗೆ ತಾಗಿ ಹೊಡೆದುಕೊಳ್ಳುತ್ತಿತ್ತಂತೆ. ಮೋಡ ದಾಟಿ ಮೇಲೇರಿ, ಎಲ್ಲರೂ ತೂಕಡಿಸುವಾಗ, ರುಮಾಲಿನೊಳಗಿಂದ ಕೆಮ್ಮು.

"ನಾ ಸೆರಗ ಎಳಕೊಂಡೆ. ಬಾಜೂದವ ಗಾಬರಿಯಾಗಿ ಯಾರನ್ನೋ ಕರದಾ. ನನಗ ಕೆಮ್ಮ ಅಂತ ತಿಳದು ಒಬ್ಬಾಕಿ ನೀರ ತಂದ ಕೊಟ್ಟಳ್ರಿ. ಬ್ಯಾಡ ಅನ್ನಲಿಲ್ಲ. ಅವ್ರ ಹೆಸರಿಲೆ ಕುಡದೆ."

ಎರಡನೆಯ ಚಳಿಗಾಲಕ್ಕೆ ಹಕ್ಕಿ ಸತ್ತಿತು. ಹಿಮದ ನೆಲವನ್ನು ಅಗೆದು ರುಮಾಲಿನಲ್ಲೇ ಸುತ್ತಿ ಹೂಳಿದರು. ಇಲ್ಲಿಗೆ ಮುಗಿಯಿತು ಎಂದುಕೊಂಡಳಂತೆ.

"ಮರುದಿನ ಮುಂಜಾನೆ ಬಾಗಲದ ಹಿಂದ ಕೆಮ್ಮಿದ್ರು, ಸಾವಕಾರ್ರ."

"ಯಾರ?" ಎಂದೆ.

ಅವಳು ಉತ್ತರ ಕೊಡುವ ಮೊದಲೇ ಭೋಂಗಾ ಕೂಗಿತು. ಅವಳ ಕೈಯಿಂದ ಬಿಡಿಸಿಕೊಂಡು ಇಂಗು ತಾನಾಗಿ ಎದುರು ಮನೆಯ ಬಾಗಿಲಿಗೆ ಓಡಿತು. ಹೊಸ್ತಿಲ ಹೊರಗೆ ನಿಂತಿತು. ಆ ದೇಶದಲ್ಲಿ ಬಾಗಿಲ ಬಳಿ ತೂಗಿದ ಹಕ್ಕಿ ಯಾರು ಬಂದರೂ ಕೆಮ್ಮುವುದನ್ನು ಕೇಳಿ, ಬಾಗಿಲು ದಾಟುವ ಮುಂಚೆ ಹೀಗೆಯೇ ಮಾಡಬೇಕೆಂದು ಕಲಿತಿತ್ತು ಕೂಸು. ಅದರ ದೇಶದ ಡಾಕ್ಟರು ಎದೆ ಬಡಿದು ನೋಡಿ ರೋಗವಿಲ್ಲ ಎಂದಿದ್ದರಂತೆ. ಎರಡು ಸಣ್ಣವು. ಸ್ವಲ್ಪ ತಡೆದು ಒಂದು ಉದ್ದದ್ದು. ಕೊನೆಗೆ ಗಂಟಲು ಕೆರೆದ ಸದ್ದು.

ನನ್ನ ಪಕ್ಕದಲ್ಲಿ ಮಾಲವ್ವ ಹಣೆಯ ತನಕ ಸೆರಗು ಎಳೆದುಕೊಂಡಳು.

"ಬಂದ್ಯಾ?" ಒಳಗಿನಿಂದ ಮುದಕವ್ವ. "ಕಾಲ ತೊಳಕೊಂಡ ಬಾ."

ಮಾಲವ್ವನ ಕೈಯಲ್ಲಿ ಬೆಳೆದ ಇಂಗುವಿಗೆ ಆ ಮಾತು ತಿಳಿಯಿತು. ಚರಿಗೆ ಬಗ್ಗಿಸಿ ಬಿಳಿ ಕಾಲು ತೊಳೆದುಕೊಂಡು ಒಳಗೆ ಹೋಯಿತು. ಮುದಕಿ ತಡವರಿಸಿ ಅದರ ಕೈ ಹಿಡಿದಳು, ಬೆರಳು ಬೆರಳು ಮುಟ್ಟಿ ನೋಡಿದಳು. ಬಿಡಲಿಲ್ಲ.

"ಭಾಳ ಸಣ್ಣಾಗಿ ಬಂದೀಯಲ್ಲೋ" ಎಂದಳು.