ರೊಟ್ಟಿ ಬಡಿಯುವ ಕೈಗೆ ಹ್ಯಾಂಡಲ್

ಮೊಮ್ಮಕ್ಕಳ ಜ್ವರದಿಂದ ಹಿಡಿದು ಮಳೆಯವರೆಗೆ ಎಲ್ಲವನ್ನೂ ಬರೆದಿಡುವವಳು ನಾನು. ನನ್ನ ಮೋಟಾರ್ ಸೈಕಲ್ಲಿನ ಹ್ಯಾಂಡಲ್ ಎಷ್ಟೆತ್ತರ ಇರಬೇಕೆಂಬುದನ್ನೂ ಮೂರು ಸಲ ಅಳೆದು ಬರೆದಿದ್ದೆ. ಶಹಾಬಾದಿನ ಗ್ಯಾರೇಜಿನ ಉಸ್ತಾದ್ ಹಳೆಯ ಗಾಡಿಯೊಂದನ್ನು ನನಗಾಗಿಯೇ ಹೊಸದಾಗಿ ಕಟ್ಟುತ್ತಿದ್ದರು. ಹ್ಯಾಂಡಲ್ ಪೈಪನ್ನು ಒಮ್ಮೆ ಕತ್ತರಿಸಿ ಬೆಸೆದರೆ ಮುಗಿಯಿತು. ಅಳತೆ ತಪ್ಪಿದರೆ, ನಾನು ಹೋಗಬೇಕೆಂದಿರುವ ಚಿಂಚೋಳಿ ಮುಟ್ಟುವಷ್ಟರಲ್ಲಿ ನನ್ನ ಹೆಗಲು ಬಿದ್ದುಹೋಗುತ್ತದೆ.

ಉಸ್ತಾದ್ ನೋಟ್‌ಬುಕ್ ನೋಡಿದರು. "ಭಾಳ ಛಲೋ ಬರದೀರಿ ಅಮ್ಮಾ. ಎಲ್ಲಿ ಕುಂತು ಅಳತಿ ತಗೊಂಡ್ರಿ?"

"ಊಟದ ಕುರ್ಚಿ ಮ್ಯಾಲ."

"ಚಿಂಚೋಳಿಗಿ ಕುರ್ಚಿ ಮ್ಯಾಲೇ ಹೊಂಟೀರೇನ್ರಿ? ಗಾಡಿ ಮ್ಯಾಲ ಕುಂದ್ರಿ. ಕಣ್ಣ ಮುಚ್ಚಿ, ಅಡಗಿ ಕಟ್ಟಿ ಮುಂದ ನಿಂತು ರೊಟ್ಟಿ ಬಡಿಯೋ ಹಂಗ ಕೈ ಮುಂದ ಚಾಚ್ರಿ."

ನಾಚಿಕೆಯಾಯಿತು, ಆದರೂ ಚಾಚಿದೆ. ಹೆಗಲು ತಾನಾಗಿಯೇ ಇಳಿಯಿತು, ಮೊಣಕೈ ಸಡಿಲಾಯಿತು. ಅವರು ಅಂಗೈ ಕೆಳಗೆ ಕೋಲು ಹಿಡಿದು, ಸೀಮೆಸುಣ್ಣದಿಂದ ಗುರುತು ಹಾಕಿದರು. ನನ್ನ ಲೆಕ್ಕಕ್ಕಿಂತ ಮೂರು ಇಂಚು ಕೆಳಗೆ!

ಆ ಗುರುತಿಗೇ ಹ್ಯಾಂಡಲ್ ಬೆಸೆದರು. ಮರುವಾರ ದಂಡೋತಿ ದಾಟಿ ಸೇಡಂವರೆಗೆ ಓಡಿಸಿದೆ. ಎದೆ ಕುಣಿಯುತ್ತಿತ್ತು, ಹೆಗಲು ಇದೆಯೆಂಬ ನೆನಪೇ ಬರಲಿಲ್ಲ.

ನೋಟ್‌ಬುಕ್ಕಿನ ಹಳೆಯ ಅಳತೆಯನ್ನು ಹೊಡೆದುಹಾಕಿಲ್ಲ. ಪಕ್ಕದಲ್ಲಿ ಬರೆದಿದ್ದೇನೆ: "ಊಟದ ಕುರ್ಚಿಗೆ ಹ್ಯಾಂಡಲ್ ಹಾಕಿಸುವುದಾದರೆ ಇದು ಸರಿ."