ಕೂಸು ಅಳಲಿಲ್ಲ

ಗುರುಶಾಂತವ್ವ ಒಂದು ಕಾಲಕ್ಕೆ ಧಾರವಾಡ ಆಕಾಶವಾಣಿಯಲ್ಲಿ ವಚನ ಹಾಡುತ್ತಿದ್ದವರು. ಮಗ ಮನೋಜ್ ಹುಟ್ಟಿದ ಮೇಲೆ ಕೂಸನ್ನು ಹಿಡಿದುಕೊಳ್ಳಲು ಮನೆಯಲ್ಲಿ ಯಾರೂ ಕೈ ಚಾಚಲಿಲ್ಲ. ರೆಕಾರ್ಡಿಂಗ್ ತಪ್ಪುತ್ತಾ ಹೋಗಿ, ಕೊನೆಗೆ ಕರೆ ಬರುವುದೇ ನಿಂತಿತು.

ಸೊಸೆ ಸಿಂಧೂರ ಅಮೆರಿಕದ ಟೊರೆನ್ಸ್‌ನಲ್ಲಿ ಬೆಳೆದವಳು, ಒಪೆರಾ ಗಾಯಕಿ. ೨೦೨೩ರಲ್ಲಿ, ಮಗಳು ಗೌರಿ ಇನ್ನೂ ಎದೆಹಾಲು ಕುಡಿಯುತ್ತಿದ್ದಾಗಲೇ, ಸ್ಯಾನ್ ಡಿಯೇಗೋದಲ್ಲಿ ಅವಳಿಗೆ ಮೊದಲ ದೊಡ್ಡ ಪಾತ್ರ ಸಿಕ್ಕಿತು. ಮನೋಜ್ ಕೆಲಸ ಬಿಟ್ಟು ಬರುವಂತಿರಲಿಲ್ಲ. ಥಿಯೇಟರಿನ ಹತ್ತಿರ ಬಾಡಿಗೆಗೆ ಹಿಡಿದ ಅಪಾರ್ಟ್‌ಮೆಂಟಿನಲ್ಲಿ ಸೊಸೆ, ಕೂಸು, ಕೂಸನ್ನು ನೋಡಿಕೊಳ್ಳಲು ಊರಿಂದ ಬಂದ ಅತ್ತೆ ಉಳಿದರು.

ಸಿಂಧೂರ ಬೆಳಿಗ್ಗೆ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಹೋಗಿ, ಸಂಜೆ ಮುಖ ಅರಳಿಸಿಕೊಂಡು ಬರುತ್ತಿದ್ದಳು. ಆ ಮುಖ ಕಂಡರೆ ಗುರುಶಾಂತವ್ವ ಒಳಗೊಳಗೇ ಉರಿಯುತ್ತಿದ್ದರು. ಇವಳಿಗೆ ನಾನಿದ್ದೇನೆ. ನನಗೆ ಯಾರಿದ್ದರು?

“ಗೌರಿ ಹೇಗಿದ್ಲು, ಅತ್ತೆ?” ಒಂದು ಸಂಜೆ ಸಿಂಧೂರ ಕೇಳಿದಳು.

ಕೂಸು ದಿನವಿಡೀ ಆಡಿ, ಚೆನ್ನಾಗಿ ನಿದ್ದೆ ಮಾಡಿತ್ತು. “ಒಂದೇ ಸವನ ಅಳಾಕತ್ತಿತ್ತವಾ. ನಿನ್ನ ಹುಡುಕತಿತ್ತು,” ಅಂದರು ಗುರುಶಾಂತವ್ವ.

ಸೊಸೆಯ ಮುಖ ಬಾಡಿತು. ಅತ್ತೆಗೆ ಹಾಯೆನಿಸಿತು. ಮರುದಿನವೂ ಅದನ್ನೇ ಹೇಳಿದರು, ಅದರ ಮರುದಿನವೂ.

ವಾರದ ಕೊನೆಗೆ ಸಿಂಧೂರ ಗಂಡನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದು ಕೇಳಿಸಿತು. “ನಾಳೆ ಹೋಗಿ ರೋಲ್ ಬೇಡ ಅಂತ ಹೇಳ್ಬಿಡ್ತೀನಿ. ಮತ್ತೆ ಕರೆಯಲ್ಲ, ಗೊತ್ತು. ಆದ್ರೆ ಮಗು ಅಳ್ತಿದೆ, ಮನೋಜ್.”

ಫೋನು ಇಡುವವರೆಗೂ ಗುರುಶಾಂತವ್ವ ಕಾಯಲಿಲ್ಲ.

“ಕೂಸು ಅತ್ತಿಲ್ಲವಾ. ನಾ ಸುಳ್ಳ ಹೇಳೀನಿ.”

“ಯಾಕೆ?”

“ಹೊಟ್ಟಿಕಿಚ್ಚು. ನನ್ನ ಕೂಸನ್ನ ಯಾರೂ ಹಿಡೀಲಿಲ್ಲ. ನನ್ನ ಹಾಡು ಹೋತು.”

“ದಿನಾ ಬಾತ್‌ರೂಮಲ್ಲಿ ಅತ್ತು ಬಂದು ರಿಹರ್ಸಲ್ ಮಾಡಿದೀನಿ, ಅತ್ತೆ!” ಎಂದು ಸಿಂಧೂರ ಕೂಸನ್ನೆತ್ತಿಕೊಂಡು ಕೋಣೆಯ ಬಾಗಿಲು ಹಾಕಿಕೊಂಡಳು. ಮರುದಿನ ಮಾತಿಲ್ಲದೆ ಕೂಸನ್ನು ಕೊಟ್ಟು ರಿಹರ್ಸಲ್‌ಗೆ ಹೋದಳು. ಬೇರೆ ದಾರಿಯಿರಲಿಲ್ಲ.

ಮೊದಲ ಪ್ರದರ್ಶನಕ್ಕೆ ಮನೋಜ್ ಬಂದು ಲಾಬಿಯಲ್ಲಿ ಗೌರಿಯನ್ನು ಹಿಡಿದು ಕೂತ. ಒಳಗೆ ಗುರುಶಾಂತವ್ವ ಸೊಸೆಯ ಹಾಡು ಕೇಳಿದರು. ಭಾಷೆ ತಿಳಿಯಲಿಲ್ಲ, ಅವಳು ಎಲ್ಲಿ ಉಸಿರು ತೆಗೆದುಕೊಂಡಳೆಂಬುದು ತಿಳಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ತಮಗೆ ಬೇಕಿತ್ತು ಅನಿಸಿತು ಗುರುಶಾಂತವ್ವನಿಗೆ.

“ಕೆಳಗಿನ ಸ್ವರದಾಗ ಛಲೋ ನಿಂತಿ,” ಅಂದರು ಸೊಸೆ ಸಿಕ್ಕಾಗ. “ಮ್ಯಾಲಿಂದು ಒಂಚೂರು ಅಲುಗಾಡ್ತು.”

ಸಿಂಧೂರ ಅವರನ್ನೇ ನೋಡಿದಳು. “ಹೌದು. ನನಗೂ ಗೊತ್ತಾಯ್ತು.” ಅಷ್ಟು ದಿನಗಳ ಮೇಲೆ ಅತ್ತೆಯೊಡನೆ ಅವಳಾಡಿದ ಮೊದಲ ಮಾತು ಅದು.

ಉಳಿದ ಪ್ರದರ್ಶನಗಳಿಗೂ ಕೂಸನ್ನು ಗುರುಶಾಂತವ್ವನೇ ನೋಡಿಕೊಂಡರು. ಸೊಸೆ ಹೊರಟಾಗಲೆಲ್ಲ ಉರಿ ಏಳುತ್ತಲೇ ಇತ್ತು. ಬಂದು ಕೇಳಿದಾಗ ಮಾತ್ರ ಇದ್ದದ್ದನ್ನೇ ಹೇಳುತ್ತಿದ್ದರು.